ಹೇಳಿದಷ್ಟನ್ನೇ ಮಾಡುವ ಆಳು

ಮನೆಗೆಲಸದ ಆಳು ಎಷ್ಟರಮಟ್ಟಿಗೆ ವಿಧೇಯನಾಗಿರಬೇಕೆಂಬ ಪ್ರಶ್ನೆ ಬಹಳ ಹಳೆಯದು. ಹೇಳಿದ್ದನ್ನು ಮಾಡದವನಿಂದ ತೊಂದರೆಯುಂಟೆಂಬುದನ್ನು ಎಲ್ಲರೂ ಬಲ್ಲರು. ಹೇಳಿದ್ದನ್ನು ಹೇಳಿದಂತೆಯೇ, ಒಂದು ಅಕ್ಷರವೂ ಹೆಚ್ಚುಕಡಮೆಯಾಗದಂತೆ, ಹಿಂದುಮುಂದು ನೋಡದೆ ಮಾಡಿಬಿಡುವವನಿಂದ ಅದಕ್ಕಿಂತ ಹೆಚ್ಚಿನ ತೊಂದರೆಯುಂಟೆಂಬುದು ಅನುಭವಿಸಿದವರಿಗೆ ಮಾತ್ರ ತಿಳಿದೀತು. “ಆ ಮೂಲೆಯ ಕಾಗದಗಳನ್ನೆಲ್ಲ ಒಲೆಗೆ ಹಾಕು” ಎಂದರೆ, ಮನುಷ್ಯನಾದವನು “ಅಮ್ಮಾ, ಇದರಲ್ಲಿ ಮನೆಯ ಕ್ರಯಪತ್ರವೂ ಇದೆಯಲ್ಲ!” ಎಂದು ಒಮ್ಮೆಯಾದರೂ ಕೇಳುತ್ತಾನೆ. ಹಾಗೆ ಕೇಳದೆ ಸುಟ್ಟುಬಿಡುವ ಆಳೊಬ್ಬನು ಈಗ ನಮ್ಮ ನಡುವೆ ಬಂದು ಸೇರಿದ್ದಾನೆ. ಬ್ಯಾಂಕು, ಆಸ್ಪತ್ರೆ, ರೈಲು, ವಿಮಾನ ಎಲ್ಲವೂ ಅವನ ಕೈಯಲ್ಲಿವೆ.

ಆ ಆಳಿನ ಹೆಸರು ಕಮ್ಯಾಂಡ್ ಲೈನ್. ಬೇಕಾದರೆ ಆಜ್ಞಾಪಂಕ್ತಿ ಎಂದು ಕರೆಯೋಣ. ಅಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಒಂದು ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಗೆರೆ, ಅಷ್ಟೇ. ಒಂದು ಸಾಲು ಟೈಪು ಮಾಡಿ ಎಂಟರ್ ಕೀಲಿಯನ್ನೊತ್ತಿದರೆ ಯಂತ್ರವು ಆ ಕೆಲಸವನ್ನು ಮಾಡಿ ಮುಗಿಸುತ್ತದೆ. ನಮ್ಮ ಮಲ್ಲತ್ತಹಳ್ಳಿಯಲ್ಲಿ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯವಿದೆ; ಅದಿಲ್ಲದಿದ್ದರೂ ಬೆಂಗಳೂರಿನಲ್ಲಿ ನೆಟ್‌ವರ್ಕ್ ಮತ್ತು ಸರ್ವರುಗಳ ಉಸ್ತುವಾರಿ ನೋಡುವ ತರುಣರಿಗೆ ಕೊರತೆಯಿಲ್ಲ. “ಮಗಳು ರಾತ್ರಿಪಾಳಿಯಲ್ಲಿ ಕಪ್ಪು ಪರದೆಯ ಮುಂದೆ ಕುಳಿತು ಮಾಡುವುದಾದರೂ ಏನು, ಮೇಷ್ಟ್ರೇ?” ಎಂದು ನನ್ನನ್ನು ಕೇಳಿದ ತಂದೆತಾಯಿಗಳು ಹಲವರು. ನಾನು ಕನ್ನಡದ ಅಧ್ಯಾಪಕ. ಆದರೂ ವಿಭಾಗದ ನಾಲ್ಕು ಗಣಕಯಂತ್ರಗಳ ಯೋಗಕ್ಷೇಮ ನನ್ನ ಪಾಲಿಗೆ ಬಂದಿದೆ. ಮೇಲಾಗಿ ಇದು ಆಜ್ಞಾರ್ಥಕ ವಾಕ್ಯಗಳ ವಿಷಯ. ವ್ಯಾಕರಣ ಕಲಿಸುವವನಿಗೂ ಇದರಲ್ಲಿ ಒಂದು ಪಾಲುಂಟು.

ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. “ಅಟ್ಟದ ಮೇಲಿರುವ ಹಳೆಯ ಪುಸ್ತಕಗಳನ್ನು...” ಎಂದು ಆರಂಭಿಸಿದವನಿಗೆ ಕೊನೆಯವರೆಗೂ ಅವಕಾಶವುಂಟು: ಮಾರು, ಇಡು, ತಾ, ಕೊನೆಗೆ ‘ಮಾರಬೇಡ’. ಆಜ್ಞಾಪಂಕ್ತಿಯ ಭಾಷೆಯಲ್ಲಿ ಕ್ರಿಯಾಪದವೇ ಮೊದಲು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದಾಗ, ಟೈಪು ಮಾಡುತ್ತಿದ್ದುದು ನಿಧಾನವಾದ ಟೆಲಿಪ್ರಿಂಟರುಗಳಲ್ಲಿ. ಆದಕಾರಣ, ಪದಕ್ಕಿಷ್ಟೆಂದು ಹಣ ತೆತ್ತು ತಂತಿ ಕಳುಹಿಸುತ್ತಿದ್ದ ನಮ್ಮ ಹಿರಿಯರಂತೆ, ಅವರೂ ಮಾತನ್ನು ಮೊಟಕುಗೊಳಿಸಿದರು. ‘ಎಲ್‌ಎಸ್’ ಎಂದರೆ ಪಟ್ಟಿ ತೋರಿಸು. ‘ಸಿಪಿ’ ಎಂದರೆ ನಕಲು ಮಾಡು. ‘ಆರ್‌ಎಂ’ ಎಂದರೆ ಅಳಿಸಿಹಾಕು. ಎರಡೇ ಅಕ್ಷರ, ಆಮೇಲೆ ಕಡತದ ಹೆಸರು. ಅಳಿಸಿದ್ದನ್ನು ಮರಳಿ ತೆಗೆಯಲು ಅಲ್ಲಿ ಕಸದ ಬುಟ್ಟಿಯಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆದ್ದರಿಂದ ಈ ವಿದ್ಯೆಯ ಮೊದಲ ಹಿತವಚನವು, ಕ್ರಿಯಾಪದವನ್ನು ಕನ್ನಡದ ಪದ್ಧತಿಯಂತೆ ಕೊನೆಗಿಡುವುದು. ಹಳೆಯ ಕಡತಗಳನ್ನು ಅಳಿಸಬೇಕೆ? ಮೊದಲು ‘ಎಲ್‌ಎಸ್’ ಎಂದು ಬರೆದು ಅವುಗಳ ಪಟ್ಟಿಯನ್ನು ನೋಡಿರಿ. ಪಟ್ಟಿ ಸರಿಯಾಗಿದ್ದರೆ ಮೇಲ್ಮುಖದ ಬಾಣವನ್ನೊತ್ತಿ ಅದೇ ಸಾಲನ್ನು ಮರಳಿ ತಂದು, ಕಂಟ್ರೋಲ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿ ಸಾಲಿನ ಆರಂಭಕ್ಕೆ ಹೋಗಿ, ‘ಎಲ್‌ಎಸ್’ ಇದ್ದಲ್ಲಿ ‘ಆರ್‌ಎಂ’ ಎಂದು ತಿದ್ದಿರಿ. ಉಳಿದ ಸಾಲನ್ನು ಮುಟ್ಟಬೇಡಿರಿ. ಕಂಡದ್ದನ್ನೇ ಅಳಿಸಿದಂತಾಯಿತು, ಕಾಣದ್ದು ಉಳಿಯಿತು.

ಇಷ್ಟು ಎಚ್ಚರ ಏಕೆಂದರೆ, ಇಲ್ಲಿ ನಕ್ಷತ್ರಚಿಹ್ನೆ ಎಂಬುದೊಂದುಂಟು. ಅದಕ್ಕೆ ‘ಯಾವುದಾದರೂ ಸರಿ’ ಎಂದರ್ಥ. ನಕ್ಷತ್ರವನ್ನೂ ‘.ಬ್ಯಾಕ್’ ಎಂಬ ಬಾಲವನ್ನೂ ಕೂಡಿಸಿ ಬರೆದರೆ, ಆ ಬಾಲವುಳ್ಳ ಹಳೆಯ ಪ್ರತಿಗಳೆಲ್ಲ ಎಂದಾಗುತ್ತದೆ. ನಡುವೆ ಒಂದು ತೆರಪು ಬಿದ್ದರೆ, ‘ಎಲ್ಲವನ್ನೂ, ಮತ್ತು ಬ್ಯಾಕ್ ಎಂಬುದನ್ನೂ’ ಎಂದಾಗುತ್ತದೆ. “ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕು” ಎಂಬುದಕ್ಕೂ “ಎಲ್ಲವನ್ನೂ ಹಾಕು, ಹಳೆಯ ಪುಸ್ತಕಗಳನ್ನೂ ಹಾಕು” ಎಂಬುದಕ್ಕೂ ಇರುವ ಅಂತರ ಒಂದು ತೆರಪಿನಷ್ಟು ಮಾತ್ರ.

ಅದೇ ನಕ್ಷತ್ರವು ಉಪಕಾರಿಯೂ ಹೌದು. 2024ರ ಜುಲೈ 19ನ್ನು ನೆನೆಯಿರಿ. ಅಂದು ಬೆಳಗ್ಗೆ ನಮ್ಮ ಗಡಿಯಾರದಂತೆ 9 ಗಂಟೆ 39 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪೆನಿಯು ದೋಷಯುಕ್ತವಾದ ಒಂದು ಚಿಕ್ಕ ಕಡತವನ್ನು ಲೋಕದಾದ್ಯಂತ ತನ್ನ ತಂತ್ರಾಂಶವಿದ್ದ ಗಣಕಯಂತ್ರಗಳಿಗೆ ರವಾನಿಸಿತು. 10 ಗಂಟೆ 57 ನಿಮಿಷಕ್ಕೆ ಹಿಂತೆಗೆದುಕೊಂಡಿತು. 78 ನಿಮಿಷಗಳ ಈ ಅಂತರದಲ್ಲಿ ಮಲಗಿದ ಯಂತ್ರಗಳು ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ. ಅಂದು ನಮ್ಮ ಕೆಂಪೇಗೌಡ ವಿಮಾನನಿಲ್ದಾಣದ ಒಂದನೆಯ ಟರ್ಮಿನಲ್ಲಿನಲ್ಲಿಯೂ ಹಲವು ವಿಮಾನ ಕಂಪೆನಿಗಳ ಗಣಕವ್ಯವಸ್ಥೆ ನಿಂತುಹೋಗಿ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಿಂದಲೇ ಬರೆದುಕೊಟ್ಟರು. ಕಡತವನ್ನು ಹಿಂತೆಗೆದುಕೊಂಡರೂ ಮಲಗಿದ ಯಂತ್ರ ಏಳಲಿಲ್ಲ. ಎದ್ದರಲ್ಲವೆ ಹೊಸ ಸುದ್ದಿಯನ್ನು ಕೇಳುವುದು! ಹೆಚ್ಚಿನ ಯಂತ್ರಗಳನ್ನು ಒಂದೊಂದಾಗಿ ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ, ‘ಸಿ-00000291’ ಎಂದು ಆರಂಭವಾಗಿ ‘.ಸಿಸ್’ ಎಂದು ಮುಗಿಯುವ ಕಡತವನ್ನು ಅಳಿಸಬೇಕಾಯಿತು. ನಡುವಿನ ಹೆಸರು ಏನೇ ಇರಲಿ ಎನ್ನಲು ಅಲ್ಲಿದ್ದುದು ಅದೇ ನಕ್ಷತ್ರ. ಲೋಕವನ್ನು ಮತ್ತೆ ನಡೆಸಿದ್ದು, ಯಂತ್ರದಿಂದ ಯಂತ್ರಕ್ಕೆ ನಡೆದುಹೋಗಿ ಒಂದು ಸಾಲನ್ನು ಜಾಗರೂಕತೆಯಿಂದ ಟೈಪು ಮಾಡಿದ ತರುಣ ತರುಣಿಯರ ತಾಳ್ಮೆ.

ಎರಡನೆಯ ಹಿತವಚನವು ವೇದಾಂತಕ್ಕೆ ಸಮೀಪವಾದುದು. ಆಜ್ಞೆ ಕೊಡುವ ಮೊದಲು ‘ಹೂ-ಆಮ್-ಐ’ ಎಂದು ಕೇಳಬೇಕು. ‘ನಾನು ಯಾರು?’ ಎಂದು ಇದರರ್ಥ. ಋಷಿಗಳು ಜನ್ಮವಿಡೀ ಹುಡುಕಿದ ಉತ್ತರವನ್ನು ಯಂತ್ರವು ಕ್ಷಣಮಾತ್ರದಲ್ಲಿ ಕೊಡುತ್ತದೆ: ನೀನು ಸಾಮಾನ್ಯ ಬಳಕೆದಾರನೋ, ಸರ್ವಾಧಿಕಾರವುಳ್ಳ ‘ರೂಟ್’ ಎಂಬವನೋ ಎಂದು. ಆಮೇಲೆ ‘ಹೋಸ್ಟ್‌ನೇಮ್’, ಅಂದರೆ ಇದು ಯಾವ ಯಂತ್ರ? ಕಡೆಗೆ ‘ಪಿಡಬ್ಲ್ಯೂಡಿ’. ಇದು ನಮ್ಮ ಲೋಕೋಪಯೋಗಿ ಇಲಾಖೆಯಲ್ಲ. ನಾನು ಈಗ ಯಾವ ಫೋಲ್ಡರಿನಲ್ಲಿ ನಿಂತಿದ್ದೇನೆಂದು ತಿಳಿಸುವ ಆಜ್ಞೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪೆನಿಯ ಎಂಜಿನಿಯರೊಬ್ಬರು ದಣಿದ ರಾತ್ರಿಯಲ್ಲಿ ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದುದನ್ನು ಮುಖ್ಯ ಸರ್ವರಿನಲ್ಲಿಯೇ ಅಳಿಸಿದರು. ಒಂದೆರಡು ಸೆಕೆಂಡುಗಳಲ್ಲಿ ತಿಳಿದು ನಿಲ್ಲಿಸಿದರಾದರೂ, ಸುಮಾರು 300 ಗಿಗಾಬೈಟುಗಳಲ್ಲಿ ಉಳಿದುದು ನಾಲ್ಕೂವರೆ ಮಾತ್ರ. ಮುಖ್ಯ ಯಂತ್ರಗಳ ಪ್ರಾಂಪ್ಟನ್ನು ಕೆಂಪು ಬಣ್ಣದಲ್ಲಿ ಇಟ್ಟುಕೊಳ್ಳುವ ರೂಢಿ ಇಂತಹ ಸಂದರ್ಭಕ್ಕಾಗಿಯೇ ಇದೆ. ಕೆಂಪು ಕಂಡರೆ ಕೈ ತಾನಾಗಿ ತಡೆಯುತ್ತದೆ.

ಮೂರನೆಯದು ನೆಟ್‌ವರ್ಕಿನ ವಿಷಯ. ಮನೆಯಲ್ಲಿಯೂ ಉಪಯೋಗಕ್ಕೆ ಬರುವಂಥದು. “ನೆಟ್ ಇಲ್ಲ” ಎಂದು ಮನೆಮಂದಿ ಕೂಗಿಕೊಂಡಾಗ, ದೋಷವೆಲ್ಲಿದೆಯೆಂದು ಹತ್ತಿರದಿಂದ ದೂರಕ್ಕೆ ಹುಡುಕುತ್ತ ಹೋಗಬೇಕು. ಇದಕ್ಕೆ ‘ಪಿಂಗ್’ ಎಂಬ ಆಜ್ಞೆಯಿದೆ. ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳು ಸದ್ದು ಕಳುಹಿಸಿ ಪ್ರತಿಧ್ವನಿಯನ್ನು ಆಲಿಸುವ ಕ್ರಮದಿಂದ ಹೆಸರು ಬಂದಿತು. ಮೊದಲು 127.0.0.1 ಎಂಬ ಅಂಕೆಯನ್ನು ಕೂಗಿರಿ. ಅದು ನಿಮ್ಮ ಯಂತ್ರವೇ. ಆಮೇಲೆ ಮನೆಯ ರೌಟರು. ಆಮೇಲೆ 8.8.8.8 ಎಂಬ ಹೊರಗಿನ ವಿಳಾಸ. ಕೊನೆಗೆ ಯಾವುದಾದರೂ ತಾಣದ ಹೆಸರು. ರೌಟರು ಓಗೊಡದಿದ್ದರೆ ದೋಷ ಮನೆಯೊಳಗೇ ಇದೆ. ರೌಟರು ಓಗೊಟ್ಟು 8.8.8.8 ಸುಮ್ಮನಿದ್ದರೆ ದೋಷ ಹೊರಗಿನದು. ಫೋನು ಮಾಡಿ ಕಂಪೆನಿಯವರನ್ನು ಕರೆಯಬಹುದು. ಅಂಕೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಅಂಕೆಯಾಗಿ ಬದಲಿಸಿಕೊಡುವ ಡಿಎನ್‌ಎಸ್ ಎಂಬ ವಿಳಾಸಪುಸ್ತಕ ಕೈಕೊಟ್ಟಿದೆಯೆಂದು ತಿಳಿಯಬೇಕು. ನಾಲ್ಕು ಸಾಲಿನ ಈ ಪರೀಕ್ಷೆ ಅರ್ಧ ಗಂಟೆಯ ವಾಗ್ವಾದವನ್ನು ಉಳಿಸುತ್ತದೆ.

ನಾಲ್ಕನೆಯದು, ಹಿಂತಿರುಗುವ ದಾರಿಯನ್ನು ಉಳಿಸಿಕೊಳ್ಳುವುದು. ಮಲ್ಲತ್ತಹಳ್ಳಿಯ ಮನೆಯಲ್ಲಿ ಕುಳಿತು ಹುಬ್ಬಳ್ಳಿಯ ರೌಟರನ್ನು ತಿದ್ದುವವನು, ಯಾವ ಕೊಂಬೆಯ ಮೇಲೆ ಕುಳಿತಿದ್ದಾನೋ ಅದನ್ನೇ ತಿದ್ದುತ್ತಿರುತ್ತಾನೆ. ಒಂದು ಸಾಲು ತಪ್ಪಿದರೆ ಸಂಪರ್ಕವೇ ಕಡಿದು, ತಪ್ಪನ್ನು ಸರಿಪಡಿಸಲೂ ಆಗದು. ಅದಕ್ಕಾಗಿ ಸಿಸ್ಕೋ ಯಂತ್ರಗಳಲ್ಲಿ ‘ರಿಲೋಡ್ ಇನ್ 10’ ಎಂದು ಮೊದಲೇ ಹೇಳಿಟ್ಟು, ಹೊಸ ಬದಲಾವಣೆಯನ್ನು ಶಾಶ್ವತವಾಗಿ ಉಳಿಸದೆ ಕೆಲಸಕ್ಕೆ ತೊಡಗುವುದುಂಟು. ಎಲ್ಲವೂ ಸರಿಹೋದರೆ ಆ ಆಜ್ಞೆಯನ್ನು ರದ್ದುಮಾಡಿ ಬದಲಾವಣೆಯನ್ನು ಉಳಿಸುತ್ತಾರೆ. ಸಂಪರ್ಕ ಕಡಿದರೆ 10 ನಿಮಿಷಕ್ಕೆ ಯಂತ್ರವು ತಾನೇ ಮರುಹುಟ್ಟು ಪಡೆದು ಹಳೆಯ ಸ್ಥಿತಿಗೆ ಬರುತ್ತದೆ. ಜೂನಿಪರ್ ಯಂತ್ರಗಳಲ್ಲಿ ‘ಕಮಿಟ್ ಕನ್ಫರ್ಮ್ಡ್’ ಎಂಬುದು ಇದೇ ಕೆಲಸ ಮಾಡುತ್ತದೆ. ಈ ದಾರಿ ಮುಚ್ಚಿಹೋದರೆ ಏನಾದೀತೆಂಬುದನ್ನು 2021ರ ಅಕ್ಟೋಬರ್ 4ರ ರಾತ್ರಿ ನಾವೆಲ್ಲರೂ ಕಂಡೆವು. 9 ಗಂಟೆ ದಾಟುತ್ತಲೇ ವಾಟ್ಸಾಪು ಮೂಕವಾಯಿತು. ಫೇಸ್‌ಬುಕ್ ಕಂಪೆನಿಯಲ್ಲಿ ನಿತ್ಯದ ಪರಿಶೀಲನೆಗೆಂದು ಕೊಟ್ಟ ಒಂದು ಆಜ್ಞೆಯು ಅವರ ಕೇಂದ್ರಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದಿತ್ತು. ತಪ್ಪು ಆಜ್ಞೆಯನ್ನು ತಡೆಯಬೇಕಾಗಿದ್ದ ತಪಾಸಣೆಯ ತಂತ್ರಾಂಶದಲ್ಲಿಯೇ ದೋಷವಿತ್ತು. ದೂರದಿಂದ ಸರಿಪಡಿಸಲು ದಾರಿಯಿಲ್ಲದೆ ಎಂಜಿನಿಯರುಗಳು ಖುದ್ದಾಗಿ ಹೋಗಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು.

ಐದನೆಯದು ಸಣ್ಣದು, ಆದರೆ ತಿಳಿದವರು ಕಡಮೆ. ಸರ್ವರಿನ ಡಿಸ್ಕು ತುಂಬಿತೆಂದು ‘ಡಿಎಫ್’ ಆಜ್ಞೆ ತಿಳಿಸಿದಾಗ, ದೊಡ್ಡದೊಂದು ಲಾಗ್ ಕಡತವನ್ನು ಅಳಿಸಿದರೂ ಜಾಗ ಬಿಡುಗಡೆಯಾಗದಿರುವುದುಂಟು. ಯಾವುದೋ ಪ್ರೋಗ್ರಾಮು ಆ ಕಡತವನ್ನು ತೆರೆದಿಟ್ಟುಕೊಂಡಿರುತ್ತದೆ. ಬಾಗಿಲ ಮೇಲಿನ ನಾಮಫಲಕ ಕಿತ್ತರೆ ಬಾಡಿಗೆಯವರು ಮನೆ ಖಾಲಿ ಮಾಡಿದಂತಾಯಿತೆ? ‘ಎಲ್‌ಎಸ್‌ಓಎಫ್’ ಆಜ್ಞೆಯಿಂದ ಒಳಗಿರುವವರು ಯಾರೆಂದು ತಿಳಿದು, ಆ ಪ್ರೋಗ್ರಾಮನ್ನು ಮರಳಿ ಆರಂಭಿಸಿದರೆ ಜಾಗ ಸಿಗುತ್ತದೆ.

ಇನ್ನು ಕನ್ನಡಿಗರಾದ ನಮಗೆ ವಿಶೇಷವಾಗಿ ಬೇಕಾದ ಒಂದು ವಿಷಯ. ‘ಡಬ್ಲ್ಯೂಸಿ’ ಎಂಬುದು ಪದ ಮತ್ತು ಅಕ್ಷರಗಳನ್ನೆಣಿಸುವ ಆಜ್ಞೆ. ‘ಮಲ್ಲತ್ತಹಳ್ಳಿ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಮಗ್ಗಿ ಕಲಿಯುವ ಮಗುವೂ ಐದು ಎನ್ನುತ್ತದೆ: ಮ, ಲ್ಲ, ತ್ತ, ಹ, ಳ್ಳಿ. ಡಬ್ಲ್ಯೂಸಿಗೆ ‘ಎಂ’ ಎಂಬ ಸೂಚನೆ ಕೊಟ್ಟು ಕೇಳಿದರೆ 12 ಎನ್ನುತ್ತದೆ. ವ್ಯಂಜನ, ವಿರಾಮಚಿಹ್ನೆಯಾದ ಅರ್ಧಾಕ್ಷರದ ಗುರುತು, ಗುಣಿತ ಎಲ್ಲವೂ ಅದಕ್ಕೆ ಬೇರೆ ಬೇರೆ. ‘ಸಿ’ ಎಂಬ ಸೂಚನೆ ಕೊಟ್ಟರೆ 36 ಎನ್ನುತ್ತದೆ. ಏಕೆಂದರೆ ಯುಟಿಎಫ್-8 ಎಂಬ, 1992ರಲ್ಲಿ ಅದೇ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಲಿಪಿಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟು ಬೇಕು. ಮೂರು ಉತ್ತರಗಳೂ ಸರಿ; ಕೇಳಿದ ಪ್ರಶ್ನೆ ಬೇರೆ. ಹೆಸರಿನ ಅಂಕಣಕ್ಕೆ 30 ಬೈಟು ಸಾಕೆಂದು ಇಂಗ್ಲಿಷಿನ ಅಳತೆಯಲ್ಲಿ ಗೊತ್ತುಮಾಡಿದ ಕಚೇರಿಯ ಪಟ್ಟಿಯಲ್ಲಿ ನಮ್ಮ ಊರು ‘ಮಲ್ಲತ್ತಹಳ್’ ಎಂದು ಕತ್ತರಿಸಿಹೋಗುತ್ತದೆ. ಊರಿನ ಹೆಸರಾದರೆ ನಕ್ಕು ಸುಮ್ಮನಾಗಬಹುದು, ಪಿಂಚಣಿದಾರರ ಹೆಸರಾದರೆ? ಇಂತಹ ಅಂಕಣದ ಅಗಲವನ್ನು ನಿಶ್ಚಯಿಸುವವರು, ಮೊದಲು ನಮ್ಮ ಜಿಲ್ಲೆಗಳ ಉದ್ದನೆಯ ಹೆಸರುಗಳನ್ನು ಡಬ್ಲ್ಯೂಸಿಯಿಂದ ಅಳೆದು ನೋಡತಕ್ಕದ್ದು.

ಕೊನೆಯ ಹಿತವಚನವು ಬ್ಯಾಕಪ್ ಎಂಬ ಕಾಪಿಟ್ಟ ಪ್ರತಿಯನ್ನು ಕುರಿತದ್ದು. ಮೇಲೆ ಹೇಳಿದ ಗಿಟ್‌ಲ್ಯಾಬಿನವರು ಐದು ಬಗೆಯ ಏರ್ಪಾಡುಗಳನ್ನು ಮಾಡಿಕೊಂಡಿದ್ದರು. ಬೇಕಾದ ಹೊತ್ತಿಗೆ ನೋಡಿದರೆ ಯಾವುದೂ ನೆಟ್ಟಗಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆಗಳ ಹಿಂದೆ ತೆಗೆದಿಟ್ಟ ಪ್ರತಿಯೊಂದು ಅದೃಷ್ಟವಶಾತ್ ಸಿಕ್ಕಿದ್ದರಿಂದ ಮಾನ ಉಳಿಯಿತು. ಅವರ ದೊಡ್ಡತನವೆಂದರೆ, ನಡೆದುದನ್ನು ಮುಚ್ಚಿಡದೆ ಲೋಕಕ್ಕೆಲ್ಲ ತಿಳಿಯುವಂತೆ ಬರೆದುದು. ಮರಳಿ ತೆಗೆದು ನೋಡಿದ ಪ್ರತಿಯೇ ಪ್ರತಿ, ಉಳಿದದ್ದು ನಂಬಿಕೆ. ಇದಕ್ಕೆ ಕಪ್ಪು ಪರದೆಯ ಜ್ಞಾನವೇನೂ ಬೇಡ. ಮದುವೆಯ ಚಿತ್ರಗಳು, ಅಜ್ಜಿಯ ಧ್ವನಿಮುದ್ರಣ, ಮಗುವಿನ ಮೊದಲ ಹೆಜ್ಜೆ, ಇವೆಲ್ಲ ಎಲ್ಲಿಯೋ ಭದ್ರವಾಗಿವೆಯೆಂದು ನಾವೆಲ್ಲರೂ ನಿಶ್ಚಿಂತರಾಗಿದ್ದೇವೆ. ಈ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲರೂ ಕೂಡಿ ಕುಳಿತು, ಆ ಭದ್ರವಾದ ಜಾಗದಿಂದ ಒಂದೇ ಒಂದು ಹಳೆಯ ಚಿತ್ರವನ್ನು ಹೊರತೆಗೆದು ನೋಡಿರಿ. ಬಂದರೆ ನೋಡಿ ಸಂತೋಷಪಡಬಹುದು. ಬಾರದಿದ್ದರೆ, ಇನ್ನೂ ಕಾಲ ಮಿಂಚಿರಲಾರದು. ಫೋನಿನಲ್ಲಿರುವಾಗಲೇ ಇನ್ನೊಂದು ಪ್ರತಿ ಮಾಡಿಸಿಡಿರಿ.