ತಿದ್ದಿದ್ದು ತಪ್ಪಲ್ಲ, ಬಚ್ಚಿಟ್ಟದ್ದು ತಪ್ಪು

ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ನನ್ನೊಡನೆ ವಾದಕ್ಕಿಳಿದ. "ಮೇಷ್ಟ್ರೇ, ನನ್ನ ದುಡ್ಡು, ನನ್ನ ಕಾರ್ಡು. ಅದರ ಬಯಾಸ್ ಬದಲಿಸಿದರೆ ಯಾರಿಗೇನು ನಷ್ಟ?" ಎಂದ. ಅವನ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ, ಉಳಿದರ್ಧವನ್ನು ಒಪ್ಪಲಾರೆ.

ವಿಷಯ ತಿಳಿಯದ ಬಂಧುಗಳಿಗಾಗಿ ಎರಡು ಮಾತು. ಗಣಕಯಂತ್ರದ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನೊಳಗೆ ಬಯಾಸ್ ಎಂಬ ಪುಟ್ಟ ತಂತ್ರಾಂಶವಿರುತ್ತದೆ. ವೇಗವೆಷ್ಟು, ವೋಲ್ಟೇಜ್ ಎಷ್ಟು, ಫ್ಯಾನು ಯಾವಾಗ ತಿರುಗಬೇಕು, ಎಲ್ಲವೂ ಅದರ ಅಪ್ಪಣೆ. ಅದನ್ನು ತಿದ್ದಿ ಮರಳಿ ಬರೆಯುವುದಕ್ಕೆ ಹುಡುಗರು 'ಫ್ಲ್ಯಾಶ್' ಮಾಡುವುದೆನ್ನುತ್ತಾರೆ. ಹೀಗೆ ಮಾಡಿ, ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಕಾರ್ಡನ್ನು ಓಡಿಸಬಹುದು.

2010ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿಯು ರೇಡಿಯಾನ್ ಎಚ್‌ಡಿ 6970 ಮತ್ತು 6950 ಎಂಬ ಕಾರ್ಡುಗಳನ್ನು ಹೊರತಂದಿತು. ಮೊದಲನೆಯದಕ್ಕೆ 369 ಡಾಲರು, ಎರಡನೆಯದಕ್ಕೆ 299. ಎರಡರಲ್ಲಿಯೂ ಇದ್ದದ್ದು ಒಂದೇ ಬಗೆಯ ಚಿಪ್ಪು. ದುಬಾರಿಯದರಲ್ಲಿ 1536 ಘಟಕಗಳು ದುಡಿಯುತ್ತಿದ್ದರೆ ಅಗ್ಗದ್ದರಲ್ಲಿ 1408. ಉಳಿದ 128 ಘಟಕಗಳನ್ನು, ಆರಂಭದ ಅನೇಕ ಕಾರ್ಡುಗಳಲ್ಲಿ, ಬಯಾಸಿನ ಮೂಲಕವೇ ಮಲಗಿಸಿದ್ದರು! ಬಳಕೆದಾರರು ಬೇಗನೆ ಇದನ್ನು ಪತ್ತೆಹಚ್ಚಿ, ಬಯಾಸ್ ಬದಲಿಸಿ ಎಬ್ಬಿಸಿದರು. ಇದನ್ನು ಕಳ್ಳತನವೆನ್ನಲು ನಾನು ಸಿದ್ಧನಿಲ್ಲ. ಮನೆ ಮಾರಿದ ಮೇಲೆ ಒಳಕೋಣೆಗೆ ಬೀಗ ಜಡಿದು ಹೋದವನಿಗೆ, ಬೀಗ ತೆಗೆದವನನ್ನು ದೂರುವ ಹಕ್ಕಿಲ್ಲ.

ಆದರೆ 'ಪುಕ್ಕಟೆ ವೇಗ' ಎಂಬ ಮಾತನ್ನು ನನ್ನಿಂದ ಭೌತಶಾಸ್ತ್ರ ಕಲಿತವನು ಆಡಬಾರದು. ಚಿಪ್ಪು ನುಂಗುವ ವಿದ್ಯುತ್ತು ಸರಿಸುಮಾರು ವೋಲ್ಟೇಜಿನ ವರ್ಗಕ್ಕೂ ಆವರ್ತಾಂಕಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ ಶಾಖ ಏರುವುದು ಶೇಕಡಾ 33ರಷ್ಟು. ಮೇಲಾಗಿ, ಆ 128 ಘಟಕಗಳು ಕೆಲವು ಚಿಪ್ಪುಗಳಲ್ಲಿ ನಿಜವಾಗಿಯೂ ದೋಷಪೂರ್ಣವಾಗಿದ್ದವು. ಎಬ್ಬಿಸಿದವರ ಪರದೆಯ ಮೇಲೆ ಚುಕ್ಕೆಗಳು ಕುಣಿದವು. ಇರಲಿ, ಸುಟ್ಟರೆ ಅವನದೇ ಕಾರ್ಡು ಸುಡುತ್ತದೆ. ಕಲಿಯುವವನು ಬೆರಳು ಸುಟ್ಟುಕೊಳ್ಳುವುದು ನನಗೆ ಹೊಸದಲ್ಲ.

ನನ್ನ ಜಗಳವಿರುವುದು ಅವನ ಮುಂದಿನ ಮಾತಿನೊಡನೆ. ಚಿತ್ರ ಕೆಡತೊಡಗಿದರೆ ಮೂಲ ಬಯಾಸನ್ನು ಮರಳಿ ಹಾಕಿ ವಾರಂಟಿಯಲ್ಲಿ ಹೊಸ ಕಾರ್ಡು ಪಡೆಯುವುದಂತೆ, ಇಲ್ಲವೇ ಏನೂ ಹೇಳದೆ ಮಾರಿಬಿಡುವುದಂತೆ. "ಎಲ್ಲರೂ ಹಾಗೇ ಮಾಡ್ತಾರೆ ಮೇಷ್ಟ್ರೇ!"

ಹೇಳದೆ ಮಾರಿದ ಅಂಥ ಒಂದು ಕಾರ್ಡು ನಮ್ಮ ಮನೆಗೇ ಬಂದಿತ್ತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮೊಮ್ಮಗ, ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಆರ್‌ಎಕ್ಸ್ 570 ಕಾರ್ಡೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಪರದೆ ಬೆಳಗುತ್ತಿತ್ತು, ಆದರೆ ಡ್ರೈವರ್ ಕೂರುತ್ತಿರಲಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು, "ತಾತ, ನಾನೇ ಏನೋ ಹಾಳು ಮಾಡಿಬಿಟ್ಟೆ" ಎಂದು ಕಣ್ಣೀರಿಟ್ಟ. ತಪ್ಪು ಅವನದಾಗಿರಲಿಲ್ಲ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗಾಗಿ ಯಾರೋ ಅದರ ಮೆಮೊರಿಯ ವೇಗವನ್ನು ಬಯಾಸಿನಲ್ಲಿ ತಿದ್ದಿದ್ದರು. ತಿದ್ದಿದ ಬಯಾಸಿನ ಸಹಿ ಹೊಂದದಿದ್ದರೆ ಎಎಂಡಿಯ ಡ್ರೈವರ್ ಕೆಲಸ ಮಾಡಲೊಪ್ಪುವುದಿಲ್ಲ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಾಗ ಇಂಥ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಿದ್ದವು. ಮಾರಿದವನನ್ನು ಕೇಳಿದರೆ, ಕೊಟ್ಟಾಗ ಸರಿಯಾಗಿಯೇ ಇತ್ತು ಎಂಬ ಉತ್ತರ. ಕೊನೆಗೆ ಆ ಕಾರ್ಡಿನ ಮೆಮೊರಿ ಚಿಪ್ಪು ಯಾವ ತಯಾರಕರದೆಂದು ನೋಡಿ, ಅದಕ್ಕೆ ಹೊಂದುವ ಮೂಲ ಬಯಾಸನ್ನು ಹುಡುಕಿ, ಹುಡುಗನೇ ಮರಳಿ ಬರೆದ. ಅಂದರೆ ಅವನೂ ಫ್ಲ್ಯಾಶ್ ಮಾಡಿದ, ಅದೇ ವಿದ್ಯೆ.

ಆದ್ದರಿಂದ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. ಮೂಲ ಬಯಾಸಿನ ಪ್ರತಿಯನ್ನು ಕಾದಿರಿಸುವುದು, ಕೊಳ್ಳುವವನಿಗೆ ಅದನ್ನು ಕೊಟ್ಟು ಏನು ತಿದ್ದಿದ್ದೆನೆಂದು ಹೇಳುವುದು, ಇಷ್ಟಕ್ಕೆ ಎರಡು ನಿಮಿಷವೂ ಬೇಡ. ಹೇಳಿದರೆ ಬೆಲೆ ಇಳಿಯುತ್ತದೆ ಎನ್ನುವೆಯಾ? ಇಳಿಯಲಿ. ಆ ಇಳಿದ ಬೆಲೆಯೇ ಅದರ ನಿಜವಾದ ಬೆಲೆ.

ನಿನ್ನ ಕಾರ್ಡನ್ನು ಮುಂದಿನ ತಿಂಗಳು ಮಾರುವೆನೆಂದೆಯಲ್ಲ, ಮಗು. ಜಾಹೀರಾತಿನಲ್ಲಿ ಆ ಒಂದು ಸಾಲನ್ನು ಸೇರಿಸಿ, ಆಮೇಲೆ ನನಗೆ ಫೋನು ಮಾಡು. ಮಿಕ್ಕ ವಾದವನ್ನು ಅಂದೇ ಮುಂದುವರಿಸೋಣ.