‘ಒಮ್ಮೆ ಮಾತ್ರ’ ಎಂಬ ಭರವಸೆಯ ಬೆಲೆ

ಕಳೆದ ತಿಂಗಳು ಪಿಂಚಣಿಗೆ ಸಂಬಂಧಿಸಿದ ಹಳೆಯ ಪತ್ರವೊಂದಕ್ಕಾಗಿ ಮನೆಯ ಕಂಪ್ಯೂಟರಿನಲ್ಲಿ ಹುಡುಕಾಡುತ್ತಿದ್ದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರದ ಕಡತಗಳನ್ನು ಕ್ರಮವಾಗಿ ಕಾಪಾಡಿದವನಿಗೆ ತನ್ನದೇ ಕಾಗದಪತ್ರ ಸಿಗದಿರುವುದು ನಿವೃತ್ತಿಯ ವ್ಯಂಗ್ಯಗಳಲ್ಲೊಂದು. ಪತ್ರ ಸಿಗಲಿಲ್ಲ. ಅದರ ಬದಲು ಹೆಸರಿಡದ ಒಂದು ಫೋಲ್ಡರ್ ತೆರೆದುಕೊಂಡಿತು. ಅದರಲ್ಲಿ ನಲವತ್ತೋ ಐವತ್ತೋ ಚಿತ್ರಗಳಿದ್ದವು. ನಮ್ಮಲ್ಲಿಯೇ ಇದ್ದುಕೊಂಡು ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗನ ಸಹಪಾಠಿಗಳ ಚಿತ್ರಗಳವು.

ಓದುಗರು ಕೆಟ್ಟದ್ದನ್ನು ಊಹಿಸಬೇಕಾಗಿಲ್ಲ. ಅಶ್ಲೀಲವಾದುದು ಅಲ್ಲಿ ಏನೂ ಇರಲಿಲ್ಲ. ತಲೆತುಂಬ ಎಣ್ಣೆ ಹಚ್ಚಿಕೊಂಡು ಕುಳಿತ ಹುಡುಗಿ, ಅತ್ತು ಕಣ್ಣು ಕೆಂಪಾದ ಇನ್ನೊಬ್ಬಳು, ಯಾರದೋ ತಾಯಿಯ ಆಸ್ಪತ್ರೆಯ ಚೀಟಿ, ಒಬ್ಬ ಹುಡುಗ ಅನುತ್ತೀರ್ಣನಾದ ಅಂಕಪಟ್ಟಿ. ಇವೆಲ್ಲ ಒಮ್ಮೆ ನೋಡಿದೊಡನೆ ಮಾಯವಾಗುವಂತೆ ಕಳುಹಿಸಲಾದ ಚಿತ್ರಗಳು ಎಂಬುದು ಅವನನ್ನು ಕೇಳಿದಾಗಲೇ ತಿಳಿಯಿತು. ಮೊಬೈಲಿನಲ್ಲಿ ಉಳಿಸಿಕೊಳ್ಳಲಾಗದ ಅವುಗಳನ್ನು ಅವನು, ಬ್ರೌಸರಿಗೆ ಜೋಡಿಸಿಕೊಂಡ ಸಣ್ಣ ತಂತ್ರಾಂಶವೊಂದರ ನೆರವಿನಿಂದ, ಕಂಪ್ಯೂಟರಿನಲ್ಲಿ ತೆರೆದು ಇಟ್ಟುಕೊಂಡಿದ್ದ. ಯಾರಿಗೂ ತೋರಿಸಿರಲಿಲ್ಲ, ಯಾರನ್ನೂ ಬೆದರಿಸಿರಲಿಲ್ಲ. “ಅದರಲ್ಲೇನಿದೆ ಮಾವ? ಅವರೇ ತಾನೆ ಕಳಿಸಿದ್ದು? ನಾನೇನೂ ಕದ್ದಿಲ್ಲವಲ್ಲ” ಎಂದ. ಒಳ್ಳೆಯ ಹುಡುಗ. ಆದುದರಿಂದಲೇ ಆ ಉತ್ತರ ನನ್ನನ್ನು ಹೆಚ್ಚು ಕಾಡಿತು. ಕೆಡುಕನಾಗಿದ್ದರೆ ಪೊಲೀಸರ ವಿಷಯವಾಗುತ್ತಿತ್ತು. ಈಗ ಅದು ನಮ್ಮೆಲ್ಲರ ವಿಷಯವಾಗಿದೆ.

ಮಾಯವಾಗುವ ಚಿತ್ರಗಳ ಕತೆ ತೀರ ಹಳೆಯದೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2011ರಲ್ಲಿ ಆರಂಭಿಸಿದ ಸ್ನ್ಯಾಪ್‌ಚಾಟ್, ಕಳುಹಿಸಿದ ಚಿತ್ರವು ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ ಎಂಬ ಭರವಸೆಯ ಮೇಲೆಯೇ ಬೆಳೆಯಿತು. ಆ ಭರವಸೆ ಎಷ್ಟು ಟೊಳ್ಳು ಎಂಬುದು ಹೊರಬೀಳಲು ಹೆಚ್ಚು ಕಾಲ ಬೇಕಾಗಲಿಲ್ಲ. ಸಂಸ್ಥೆಯು ಬಳಕೆದಾರರನ್ನು ತಪ್ಪುದಾರಿಗೆ ಎಳೆದಿದೆ ಎಂದು 2014ರ ಮೇ ತಿಂಗಳಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಆ ದೂರಿನಲ್ಲಿದ್ದ ಒಂದಂಶ ನನ್ನ ಸೋದರಳಿಯನ ಕೃತ್ಯಕ್ಕೆ ಪೂರ್ವಜನಂತಿದೆ: ಸ್ವೀಕರಿಸಿದ ವಿಡಿಯೊಗಳು ಫೋನಿನಲ್ಲಿ ರಕ್ಷಣೆಯಿಲ್ಲದ ಜಾಗದಲ್ಲಿ ಉಳಿಯುತ್ತಿದ್ದವು, ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಕಡತಗಳ ಪಟ್ಟಿಯನ್ನು ತೆರೆದರೆ ಸಾಕು, ‘ಮಾಯವಾದುದು’ ಅಲ್ಲಿಯೇ ಇರುತ್ತಿತ್ತು. ಇಪ್ಪತ್ತು ವರ್ಷಗಳ ಕಾಲ ಸ್ವತಂತ್ರ ತಜ್ಞರ ಮೇಲ್ವಿಚಾರಣೆಗೆ ಒಳಪಡಲು ಒಪ್ಪಿ ಸಂಸ್ಥೆ ರಾಜಿ ಮಾಡಿಕೊಂಡಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಅನಾಹುತವಾಯಿತು. ಸ್ನ್ಯಾಪ್‌ಚಾಟ್‌ನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಲು, ಉಳಿಸಿಕೊಳ್ಳಲು ಅನುಕೂಲ ಕಲ್ಪಿಸುತ್ತಿದ್ದ ‘ಸ್ನ್ಯಾಪ್‌ಸೇವ್ಡ್’ ಎಂಬ ಹೊರಗಿನ ಜಾಲತಾಣಕ್ಕೆ ಕನ್ನ ಬಿದ್ದು, ಅಸಂಖ್ಯ ಚಿತ್ರಗಳು ಬೀದಿಗೆ ಬಂದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚಿತ್ರ ಕಳುಹಿಸಿದವರಿಗೆ ಆ ಜಾಲತಾಣದ ಹೆಸರೂ ತಿಳಿದಿರಲಿಲ್ಲ. ಸ್ವೀಕರಿಸಿದವರು ತಮ್ಮ ಅನುಕೂಲಕ್ಕಾಗಿ ಅದನ್ನು ಬಳಸಿದ್ದರು. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ.

ವಾಟ್ಸ್‌ಆ್ಯಪ್ 2021ರ ಆಗಸ್ಟಿನಲ್ಲಿ ‘ಒಮ್ಮೆ ಮಾತ್ರ ನೋಡುವ’ ಸೌಲಭ್ಯವನ್ನು ತಂದಿತು. 2024ರ ಸೆಪ್ಟೆಂಬರಿನಲ್ಲಿ ಭದ್ರತಾ ಸಂಶೋಧಕರು ಅದರ ಒಳಗುಟ್ಟನ್ನು ಬಯಲಿಗಿಟ್ಟರು. ಚಿತ್ರದೊಂದಿಗೆ ‘ಒಮ್ಮೆ ಮಾತ್ರ’ ಎಂಬ ಗುರುತೊಂದು ಹೋಗುತ್ತಿತ್ತು, ಅಷ್ಟೆ. ಬ್ರೌಸರಿನಲ್ಲಿ ಆ ಗುರುತನ್ನು ಅಳಿಸಿಬಿಟ್ಟರೆ ಅದು ಸಾಮಾನ್ಯ ಚಿತ್ರವಾಗುತ್ತಿತ್ತು. ಹಾಗೆ ಅಳಿಸಿಕೊಡುವ ತಂತ್ರಾಂಶಗಳು ಅದಾಗಲೇ ಚಲಾವಣೆಯಲ್ಲಿದ್ದವು. ಸಂಸ್ಥೆಯು ಬಳಿಕ ಸರಿಪಡಿಸುವ ಕ್ರಮಗಳನ್ನು ಕೈಗೊಂಡಿತು. ಸರ್ಕಾರಿ ಲಕೋಟೆಯ ಮೇಲೆ ‘ಗೋಪ್ಯ’ ಎಂದು ಬರೆದು, ಅಂಟು ಹಚ್ಚದೆ ಜವಾನನ ಕೈಗೆ ಕೊಟ್ಟಂತಿತ್ತು ಆ ಏರ್ಪಾಡು.

ಇವೆಲ್ಲದರಲ್ಲಿಯೂ ಕಂಪ್ಯೂಟರು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ. ಮೊಬೈಲಿನಲ್ಲಿ ನಾವು ಒಂದು ಬಗೆಯ ಬಾಡಿಗೆದಾರರು. ಪರದೆಯ ಚಿತ್ರವನ್ನು ತೆಗೆಯದಂತೆ ಆ್ಯಪ್ ನಮ್ಮನ್ನು ತಡೆಯಬಲ್ಲದು. ಕಂಪ್ಯೂಟರಿನಲ್ಲಿ ನಾವು ಮನೆಯೊಡೆಯರು. ಅಲ್ಲಿನ ಬ್ರೌಸರ್, ಕಳುಹಿಸಿದವರ ಇಚ್ಛೆಗಿಂತ ಮುಂದೆ ಕುಳಿತವನ ಮಾತನ್ನೇ ಹೆಚ್ಚು ಕೇಳುತ್ತದೆ. ಹಾಗೆಂದು ಈ ಬಾಗಿಲನ್ನು ಭದ್ರಪಡಿಸಿದೊಡನೆ ಸಮಸ್ಯೆ ಮುಗಿಯುವುದೂ ಇಲ್ಲ. ಪರದೆಯ ಮುಂದೆ ಇನ್ನೊಂದು ಫೋನನ್ನು ಹಿಡಿದು ಚಿತ್ರ ತೆಗೆಯುವುದನ್ನು ಯಾವ ತಂತ್ರಜ್ಞಾನ ತಡೆದೀತು? ಕಣ್ಣಿಗೆ ಕಾಣುವುದೆಲ್ಲವೂ ನಕಲಿಗೆ ಒಳಗಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಹಿರಿಯರ ಗಾದೆಗೆ ಚಿತ್ರವನ್ನೂ ಸೇರಿಸಿಕೊಳ್ಳಬೇಕಾದ ಕಾಲವಿದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸ್ಯಾಮ್ ಪೆಲ್ಟ್ಜ್‌ಮನ್ 1975ರಲ್ಲಿ ಪ್ರಕಟಿಸಿದ ವಾದವೊಂದು ನೆನಪಾಗುತ್ತದೆ. ಕಾರುಗಳಲ್ಲಿ ಸುರಕ್ಷಾ ಸಾಧನಗಳು ಹೆಚ್ಚಿದಂತೆ ಚಾಲಕರು ಹೆಚ್ಚು ಅಜಾಗರೂಕರಾಗುತ್ತಾರೆ, ಅದರ ಅಪಾಯವನ್ನು ಪಾದಚಾರಿಗಳು ಹೊರುತ್ತಾರೆ ಎಂಬುದು ಆತನ ವಾದದ ಸಾರ. ಪರಿಣಾಮ ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ತಕರಾರುಗಳಿವೆ. ಆದರೆ ತರ್ಕ ಸರಳವಾದುದು. ರಕ್ಷಣೆಯ ಭಾವನೆ ಎಚ್ಚರಿಕೆಯ ಬೆಲೆಯನ್ನು ಇಳಿಸುತ್ತದೆ. ಉಳಿಯುತ್ತದೆಂದು ತಿಳಿದಿದ್ದರೆ ಆ ಹುಡುಗಿ ಅತ್ತ ಮುಖದ ಚಿತ್ರವನ್ನು ಕಳುಹಿಸುತ್ತಿದ್ದಳೇ? ಕಾರಿನ ಪಟ್ಟಿಯಾದರೂ ನಿಜವಾದ ಪಟ್ಟಿ. ಇಲ್ಲಿ ನಾವು ಕಟ್ಟಿಕೊಂಡಿರುವುದು ಪಟ್ಟಿಯ ಚಿತ್ರವನ್ನು. ಆ ಭರವಸೆಯಿಂದ ಬಳಕೆದಾರರು ಹೆಚ್ಚಿದಾಗ ಲಾಭ ಸಂಸ್ಥೆಗೆ, ಭರವಸೆ ಮುರಿದಾಗ ನಷ್ಟ ಚಿತ್ರದಲ್ಲಿರುವವರಿಗೆ. ಲಾಭವನ್ನು ಒಬ್ಬರು ಪಡೆದು ನಷ್ಟವನ್ನು ಇನ್ನೊಬ್ಬರು ಹೊರುವ ಯಾವ ಏರ್ಪಾಡೂ ತಾನಾಗಿಯೇ ಸರಿಹೋಗುವುದಿಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? “ಅವರೇ ಕಳಿಸಿದ್ದು” ಎಂಬ ವಾದಕ್ಕೆ ನಮ್ಮ ಕಾನೂನಿನಲ್ಲಿ ಒಂದು ಹಂತದವರೆಗೆ ಸ್ಪಷ್ಟ ಉತ್ತರವಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯ ಪ್ರಕಾರ, ಮಹಿಳೆಯೊಬ್ಬಳು ತನ್ನ ಖಾಸಗಿ ಚಿತ್ರವನ್ನು ತೆಗೆಯಲು ಒಪ್ಪಿದ್ದರೂ, ಅದು ಮೂರನೆಯವರಿಗೆ ಹೋಗಲು ಒಪ್ಪಿರದಿದ್ದರೆ ಅದನ್ನು ಹರಡುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಸಮ್ಮತಿಯಿಲ್ಲದೆ ದೇಹದ ಖಾಸಗಿ ಭಾಗಗಳ ಚಿತ್ರವನ್ನು ತೆಗೆಯುವುದಕ್ಕೂ ಹರಡುವುದಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಅಂದರೆ ಸಮ್ಮತಿ ಎಂಬುದು ಒಮ್ಮೆ ಕೊಟ್ಟರೆ ಎಲ್ಲಕ್ಕೂ ಕೊಟ್ಟಂತೆ ಎಂಬ ನಂಬಿಕೆಯನ್ನು ಕಾನೂನೇ ತಳ್ಳಿಹಾಕಿದೆ.

ಆದರೆ ಎಣ್ಣೆ ಹಚ್ಚಿದ ತಲೆಯ ಚಿತ್ರಕ್ಕೆ ಈ ಕಲಮುಗಳಲ್ಲಿ ಸ್ಥಾನವಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕೂಡ ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಗೃಹಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಗೆ ತಮ್ಮ ಹೆಸರನ್ನೇ ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಅರ್ಜಿ ಸಲ್ಲಿಸಿದ್ದರು. ಆದರೆ ಅವರು ಗೆದ್ದುಕೊಟ್ಟ ಹಕ್ಕು ಮುಖ್ಯವಾಗಿ ಪ್ರಭುತ್ವದ ಎದುರು ನಿಲ್ಲುವಂಥದು. ಗೆಳೆಯನ ಕಂಪ್ಯೂಟರಿನೊಳಗಿನ ಹೆಸರಿಲ್ಲದ ಫೋಲ್ಡರಿನವರೆಗೆ ಅದರ ಕೈ ಸುಲಭವಾಗಿ ಚಾಚುವುದಿಲ್ಲ. ಅಲ್ಲಿ ಕಾಯಬೇಕಾದುದು ಸಭ್ಯತೆಯೊಂದೇ.

ಇದಕ್ಕೊಂದು ಮರುಮುಖವೂ ಇದೆ. ಅದನ್ನು ಹೇಳದಿದ್ದರೆ ನನ್ನ ವಾದ ಅಪ್ರಾಮಾಣಿಕವಾದೀತು. ಸೇವೆಯಲ್ಲಿದ್ದಾಗ ಕೆಲವು ಮೇಲಧಿಕಾರಿಗಳು ಕಡತದಲ್ಲಿ ಬರೆಯಲು ಹಿಂಜರಿಯುತ್ತಿದ್ದುದನ್ನು ಅಂಟುಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ಕೆಲಸವಾದೊಡನೆ ಚೀಟಿ ಮಾಯ, ಹೊಣೆಯೂ ಮಾಯ. ಅಂಥ ಒಂದು ಚೀಟಿಯ ಜೆರಾಕ್ಸ್ ಪ್ರತಿಯನ್ನು ನಾನು ತೆಗೆದಿರಿಸಿದ್ದೆ. ಮುಂದೆ ವಿಚಾರಣೆ ಬಂದಾಗ ಆ ತುಂಡು ಕಾಗದವೇ ನನ್ನನ್ನು ಕಾಪಾಡಿತು. ಸೋದರಳಿಯನಿಗೆ ಬುದ್ಧಿ ಹೇಳಲು ಹೊರಟಾಗ ಈ ನೆನಪು ನನ್ನ ನಾಲಗೆಯನ್ನು ಒಂದು ಕ್ಷಣ ಕಟ್ಟಿಹಾಕಿತ್ತು. ನಾನು ಮಾಡಿದ್ದಕ್ಕೂ ಅವನು ಮಾಡಿದ್ದಕ್ಕೂ ವ್ಯತ್ಯಾಸವೇನು?

ವ್ಯತ್ಯಾಸವಿದೆ. ಸಾರ್ವಜನಿಕ ಅಧಿಕಾರ ಅಥವಾ ಇತರರ ಹಣವನ್ನು ಕೈಯಲ್ಲಿಟ್ಟುಕೊಂಡವರ ಮಾತಿಗೆ ಮಾಯವಾಗುವ ಹಕ್ಕಿಲ್ಲ. ಸಿಬ್ಬಂದಿಯು ಖಾಸಗಿ ಸಂದೇಶಗಳಲ್ಲಿ ನಡೆಸಿದ ವ್ಯವಹಾರವನ್ನು ದಾಖಲೆಯಲ್ಲಿ ಉಳಿಸದ 16 ಹಣಕಾಸು ಸಂಸ್ಥೆಗಳಿಗೆ 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚಿನ ದಂಡ ವಿಧಿಸಿದ್ದು ಈ ತತ್ತ್ವದ ಮೇಲೆಯೇ. ಹಾಗೆಯೇ, ಮಾಯವಾಗುವ ಸಂದೇಶದ ಮರೆಯಲ್ಲಿ ಬೆದರಿಕೆ ಹಾಕುವವನ, ಹೇಸಿಗೆಯ ಚಿತ್ರ ಕಳುಹಿಸುವವನ ಸಂದೇಶವನ್ನು ಆ ಹೆಣ್ಣುಮಗಳು ಇನ್ನೊಂದು ಫೋನಿನಲ್ಲಿ ಸೆರೆಹಿಡಿದರೆ ಅದು ಆತ್ಮರಕ್ಷಣೆ, ಸಾಕ್ಷ್ಯ. ಆದರೆ ಗೆಳೆತನದ ಸಲುಗೆಯಲ್ಲಿ, ಒಂದು ನಿಮಿಷದ ಮಟ್ಟಿಗೆ ಮನಸ್ಸು ತೆರೆದವರ ಚಿತ್ರ ಸಾಕ್ಷ್ಯವಲ್ಲ, ನಿಕ್ಷೇಪ. ಒಬ್ಬನು ಅಧಿಕಾರದ ವಿರುದ್ಧ ದಾಖಲೆ ಇಡುತ್ತಾನೆ. ಇನ್ನೊಬ್ಬನು ನಂಬಿಕೆಯ ವಿರುದ್ಧ ದಾಖಲೆ ಇಡುತ್ತಾನೆ. ಎರಡಕ್ಕೂ ಒಂದೇ ತಂತ್ರ ಸಾಕಾಗಬಹುದು, ಆದರೆ ಎರಡೂ ಒಂದೇ ಕೆಲಸವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸಂಸ್ಥೆಗಳು ಪ್ರಾಮಾಣಿಕವಾಗಿ ಮಾತನಾಡಲಿ. ‘ಮಾಯವಾಗುತ್ತದೆ’ ಎನ್ನುವ ಬದಲು ‘ಸ್ವೀಕರಿಸುವವರು ಇದನ್ನು ಉಳಿಸಿಕೊಳ್ಳಬಲ್ಲರು’ ಎಂಬ ಎಚ್ಚರಿಕೆಯು ಕಳುಹಿಸುವ ಗುಂಡಿಯ ಪಕ್ಕದಲ್ಲಿಯೇ ಕನ್ನಡದಲ್ಲಿ ಕಾಣಿಸಲಿ. ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿಸಿದ ಸರ್ಕಾರಕ್ಕೆ ಇದು ಅಸಾಧ್ಯವೇನಲ್ಲ. ಎರಡನೆಯದಾಗಿ, ಅನ್ಯಾಯಕ್ಕೊಳಗಾದವರಿಗೆ ದಾರಿ ತಿಳಿದಿರಲಿ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. 2021ರ ಡಿಸೆಂಬರಿನಲ್ಲಿ ಆರಂಭವಾದ ‘ಸ್ಟಾಪ್‌ಎನ್‌ಸಿಐಐ’ ವ್ಯವಸ್ಥೆಯಲ್ಲಿ ಖಾಸಗಿ ಚಿತ್ರವನ್ನು ಯಾರಿಗೂ ಕಳುಹಿಸದೆ, ಅದರ ಬೆರಳಚ್ಚಿನಂಥ ಸಂಕೇತವನ್ನಷ್ಟೇ ನೀಡಿ, ಅದರಲ್ಲಿ ಭಾಗವಹಿಸುವ ಜಾಲತಾಣಗಳಲ್ಲಿ ಹರಡದಂತೆ ತಡೆಯಲು ಯತ್ನಿಸಬಹುದು. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಮನೆಯ ಮಾತು. ನಾವು ಹೆಣ್ಣುಮಕ್ಕಳಿಗೆ “ಚಿತ್ರ ಕಳಿಸಬೇಡ” ಎಂದು ನೂರು ಸಲ ಹೇಳುತ್ತೇವೆ. ಗಂಡುಮಕ್ಕಳಿಗೆ “ಬಂದದ್ದನ್ನು ಇಟ್ಟುಕೊಳ್ಳಬೇಡ” ಎಂದು ಒಂದು ಸಲವಾದರೂ ಹೇಳಿದ್ದೇವೆಯೇ? ನಾನಂತೂ ಹೇಳಿರಲಿಲ್ಲ.

ಆ ಸಂಜೆ ಹೇಳಿದೆ. ಅವನು ವಾದಿಸಿದ, ಮುನಿಸಿಕೊಂಡ, ಊಟಕ್ಕೂ ತಡವಾಗಿ ಬಂದ. ಮರುದಿನ ಬೆಳಿಗ್ಗೆ ಫೋಲ್ಡರ್ ಇರಲಿಲ್ಲ. “ಎಲ್ಲವನ್ನೂ ಅಳಿಸಿದೆ ಮಾವ, ಆ ತಂತ್ರಾಂಶವನ್ನೂ ತೆಗೆದೆ” ಎಂದ. ಅತ್ತ ಮುಖದ ಆ ಹುಡುಗಿಗೆ ತಾನೇ ಹೇಳಿ ಕ್ಷಮೆ ಕೇಳಿದನೆಂದೂ ಹೇಳಿದ. ಅವಳು ಈಗ ಅವನೊಂದಿಗೆ ಮಾತನಾಡುತ್ತಿಲ್ಲವಂತೆ. ಅದು ಅವಳ ಹಕ್ಕು ಎಂದಷ್ಟೇ ನಾನು ಹೇಳಿದೆ.

ಬೇರೆಲ್ಲಿಯಾದರೂ ಪ್ರತಿ ಇಟ್ಟುಕೊಂಡಿರಬಹುದೇ ಎಂಬ ಸಂಶಯ, ಕಡತ ನೋಡಿ ಪಳಗಿದ ಈ ತಲೆಯಲ್ಲಿ ಸುಳಿಯದೇ ಇರಲಿಲ್ಲ. ಪರೀಕ್ಷಿಸಲು ಹೋಗಲಿಲ್ಲ. ಅವನ ಮಾತನ್ನು ನಂಬಿದ್ದೇನೆ. ಆ ಮಕ್ಕಳು ಚಿತ್ರ ಕಳುಹಿಸಿದಾಗ ಅವನ ಮೇಲೆ ಇಟ್ಟದ್ದೂ ಇಂಥದೇ ನಂಬಿಕೆಯನ್ನು. ಅದರ ಭಾರ ಎಷ್ಟೆಂಬುದು ಈಗ ಅವನಿಗೂ ತಿಳಿದಿರಬೇಕು.