ಎರಡಕ್ಷರದ ಸಾಕ್ಷ್ಯ

ನಮ್ಮ ಮಠದ ಭಕ್ತ ಕುಟುಂಬಗಳ ಅನೇಕ ಯುವಕ ಯುವತಿಯರು ವಿಜ್ಞಾನ, ಔಷಧಶಾಸ್ತ್ರ, ಶುಶ್ರೂಷೆ ಮೊದಲಾದ ವಿಷಯಗಳಲ್ಲಿ ಪದವಿ ಪಡೆದು, ಬೆಂಗಳೂರಿನ ಕಚೇರಿಗಳಲ್ಲಿ ಅಮೆರಿಕದ ವೈದ್ಯರ ವಿಮಾ ಬಿಲ್ಲುಗಳನ್ನು ಸಿದ್ಧಪಡಿಸುವ ಉದ್ಯೋಗದಲ್ಲಿ ತೊಡಗಿದ್ದಾರೆ. ಊರಿನ ಹಿರಿಯರಿಗೆ ಅದು ಬರಿಯ ‘ಕಂಪ್ಯೂಟರ್ ಕೆಲಸ’. ರಾತ್ರಿಯೆಲ್ಲ ಎಚ್ಚರವಿರಬೇಕಾದ ಕೆಲಸವೆಂದು ತಾಯಂದಿರು ಮರುಗುತ್ತಾರೆ. ಆದರೆ ಆ ಕೆಲಸದ ಮತ್ತೊಂದು ತುದಿಯಲ್ಲಿ ಒಬ್ಬ ರೋಗಿಯಿದ್ದಾನೆ, ಅವನ ಹಣವಿದೆ, ಅವನ ದೇಹದ ಇತಿಹಾಸವಿದೆ ಎಂಬುದನ್ನು ಗಮನಿಸುವವರು ವಿರಳ. ಆರೋಗ್ಯ ವಿಭಾಗದಲ್ಲಿ ಬಿಲ್ಲಿನ ವಿಷಯವನ್ನು ನಾವು ಎತ್ತಿಕೊಳ್ಳಲು ಇದೇ ಕಾರಣ.

ಅಮೆರಿಕದಲ್ಲಿ ವೈದ್ಯರು ಮಾಡುವ ಪ್ರತಿಯೊಂದು ಚಿಕಿತ್ಸೆಗೂ ಐದು ಅಂಕೆಗಳ ಸಂಕೇತವೊಂದಿದೆ. ‘ಸಿಪಿಟಿ’ ಎಂಬ ಈ ಸಂಕೇತಾವಳಿಯನ್ನು ಅಲ್ಲಿನ ವೈದ್ಯಕೀಯ ಸಂಘವು 1966ರಲ್ಲಿ ಮೊದಲು ಪ್ರಕಟಿಸಿತು. ಚಿಕಿತ್ಸೆಯ ಹೆಸರೊಂದೇ ಎಲ್ಲವನ್ನೂ ಹೇಳಲಾರದು. ಎಡ ಮೊಣಕಾಲೋ ಬಲವೋ, ಒಮ್ಮೆಯೋ ಎರಡು ಬಾರಿಯೋ, ಹಿಂದಿನ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದೋ ಅಲ್ಲವೋ ಎಂಬುದನ್ನು ತಿಳಿಸಲು ಸಂಕೇತದ ಬಾಲಕ್ಕೆ ಎರಡು ಅಕ್ಷರ ಅಥವಾ ಅಂಕೆಗಳನ್ನು ಸೇರಿಸುತ್ತಾರೆ. ಅದಕ್ಕೆ ‘ಮಾಡಿಫೈಯರ್’ ಎಂದು ಹೆಸರು. ನಮ್ಮ ಅಭಿಪ್ರಾಯದಲ್ಲಿ ಅದು ಸಾಕ್ಷ್ಯವಾಕ್ಯಕ್ಕೆ ಸಮಾನವಾದುದು. ‘ಇದು ಹೀಗೆಯೇ ನಡೆಯಿತು’ ಎಂದು ಬಿಲ್ಲು ಕಳುಹಿಸಿದವರು ಆ ಎರಡಕ್ಷರದಲ್ಲಿ ಹೇಳುತ್ತಾರೆ.

ಮೊದಲ ಸಲ ಬಿಲ್ಲು ಬರೆಯುವಾಗ ಈ ಸಾಕ್ಷ್ಯ ಸಾಮಾನ್ಯವಾಗಿ ಪ್ರಾಮಾಣಿಕವಾಗಿರುತ್ತದೆ. ಅದು ಕೆಡುವುದು ಕ್ಲೇಮು ತಿರಸ್ಕೃತವಾಗಿ ಹಿಂದಿರುಗಿದ ಮೇಲೆ. ಹಣ ಬಂದಿಲ್ಲ, ದಿನಕ್ಕೆ ಇಷ್ಟು ಕ್ಲೇಮು ಮುಗಿಸಬೇಕೆಂಬ ಗುರಿ ತಲೆಯ ಮೇಲಿದೆ, ಪಕ್ಕದಲ್ಲಿ ಕುಳಿತವರು ‘59 ಹಾಕಿ ಕಳಿಸು, ಹೋಗುತ್ತದೆ’ ಎನ್ನುತ್ತಾರೆ. ಹೋಗುವುದೂ ಹೌದು. ವಿಮಾ ಸಂಸ್ಥೆಯ ಗಣಕಯಂತ್ರಕ್ಕೆ ವೈದ್ಯರ ಟಿಪ್ಪಣಿ ಕಾಣುವುದಿಲ್ಲ, ಎರಡು ಅಂಕೆಗಳಷ್ಟೇ ಕಾಣುತ್ತವೆ.

59ರ ಅರ್ಥವನ್ನು ನೋಡೋಣ. ಒಂದು ಚಿಕಿತ್ಸೆಯೊಳಗೆ ಅಡಕವಾಗಿರುವ ಮತ್ತೊಂದನ್ನು ಬೇರೆಯಾಗಿ ಲೆಕ್ಕ ಹಾಕಬಾರದೆಂದು 1996ರಿಂದ ಅಲ್ಲಿನ ಸರಕಾರಿ ವಿಮೆ ಮೆಡಿಕೇರ್‌ನಲ್ಲಿ ಜೋಡಿ ಸಂಕೇತಗಳ ನಿಯಮಾವಳಿ ಜಾರಿಯಲ್ಲಿದೆ. ಚರ್ಮದ ಮೇಲಿನ ಒಂದು ಗಂಟನ್ನು ತೆಗೆದುಹಾಕಿ, ಅದೇ ಗಂಟಿನಿಂದ ಪರೀಕ್ಷೆಗೆ ತುಣುಕು ತೆಗೆದದ್ದಕ್ಕೆ ಬೇರೆ ಹಣ ಕೇಳುವಂತಿಲ್ಲ. ಗಂಟು ತೋಳಿನದಾಗಿದ್ದು ತುಣುಕನ್ನು ಬೆನ್ನಿನ ಇನ್ನೊಂದು ಮಚ್ಚೆಯಿಂದ ತೆಗೆದಿದ್ದರೆ ಕೇಳಬಹುದು. ಆಗ 59 ಸತ್ಯ. ಹೇಗೆ ಬೇರೆ ಎಂಬುದನ್ನು ಇನ್ನಷ್ಟು ಸ್ಪಷ್ಟಪಡಿಸಲೆಂದು 2015ರ ಜನವರಿಯಿಂದ ಎಕ್ಸ್‌ಇ, ಎಕ್ಸ್‌ಎಸ್, ಎಕ್ಸ್‌ಪಿ, ಎಕ್ಸ್‌ಯು ಎಂಬ ನಾಲ್ಕು ಮಾಡಿಫೈಯರ್‌ಗಳು ಬಂದಿವೆ. ಬೇರೆ ಭೇಟಿ, ಬೇರೆ ಅಂಗ, ಬೇರೆ ವೈದ್ಯರು, ಒಂದರೊಳಗೊಂದು ಸೇರದ ಬೇರೆ ಸೇವೆ ಎಂದು ಕ್ರಮವಾಗಿ ಅವುಗಳ ಅರ್ಥ. ಇನ್ನು ಕೆಲವು ಜೋಡಿಗಳ ಮುಂದೆ ನಿಯಮಾವಳಿಯಲ್ಲಿ ‘0’ ಎಂದು ಬರೆದಿರುತ್ತದೆ. ಅಂತಹವಕ್ಕೆ ಯಾವ ಮಾಡಿಫೈಯರ್ ಹಾಕಿದರೂ ಪ್ರಯೋಜನವಿಲ್ಲ. ಹತ್ತು ಸಲ ಕಳುಹಿಸಿದರೂ ಹನ್ನೊಂದನೆಯ ಸಲ ಅದೇ ಉತ್ತರ.

59ರ ದುರ್ಬಳಕೆ ಎಷ್ಟಿತ್ತೆಂಬುದಕ್ಕೆ ಅಮೆರಿಕ ಸರಕಾರದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು 2005ರಲ್ಲಿ ನೀಡಿದ ವರದಿಯೇ ಆಧಾರ. 2003ರ ಆರ್ಥಿಕ ವರ್ಷದಲ್ಲಿ 59 ಹಚ್ಚಿದ ಜೋಡಿ ಸಂಕೇತಗಳಲ್ಲಿ ಶೇಕಡ 40ರಷ್ಟು ನಿಯಮಕ್ಕೆ ಹೊಂದಿರಲಿಲ್ಲ, ಸುಮಾರು 5.9 ಕೋಟಿ ಡಾಲರ್ ಸಲ್ಲದ ಹಣ ಸಂದಾಯವಾಗಿತ್ತು. ಅಲ್ಲಿನ ಸುಳ್ಳು ಕ್ಲೇಮುಗಳ ಕಾಯಿದೆ 1863ರಷ್ಟು ಹಳೆಯದು. ಅದರಡಿ ನಷ್ಟದ ಮೂರು ಪಟ್ಟು ವಸೂಲಾಗುತ್ತದೆ, ಪ್ರತಿ ಕ್ಲೇಮಿಗೂ ದಂಡ ಬೇರೆ. ‘ನನಗೆ ತಿಳಿಯಲಿಲ್ಲ’ ಎಂಬುದು ಸದಾ ರಕ್ಷಣೆಯಾಗದು. ತಿಳಿದುಕೊಳ್ಳಬೇಕಾದುದನ್ನು ಲಕ್ಷಿಸದೆ ಬಿಟ್ಟವರನ್ನೂ ಕಾಯಿದೆ ತಿಳಿದೇ ಮಾಡಿದವರೆಂದು ಎಣಿಸುತ್ತದೆ.

ಆದರೆ ಕಾಯಿದೆಯ ಭಯವೊಂದೇ ನಮ್ಮ ವಾದವಲ್ಲ. 78 ಮತ್ತು 79 ಎಂಬ ನೆರೆಹೊರೆಯ ಮಾಡಿಫೈಯರ್‌ಗಳನ್ನು ಗಮನಿಸಿ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳ ಆರೈಕೆ ಮೊದಲಿನ ಶುಲ್ಕದಲ್ಲಿಯೇ ಸೇರಿರುತ್ತದೆ. ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಿಗೆ ಆ ಗಾಯದಲ್ಲಿಯೇ ಸೋಂಕು ತಗುಲಿ ಅದೇ ವೈದ್ಯರು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದರೆ 78 ಹಾಕಬೇಕು; ಆಗ ಶಸ್ತ್ರಚಿಕಿತ್ಸೆಯ ಭಾಗಕ್ಕಷ್ಟೇ ಹಣ. ಅದೇ ಅವಧಿಯಲ್ಲಿ ಸಂಬಂಧವೇ ಇಲ್ಲದ ಬೇರೊಂದು ಶಸ್ತ್ರಚಿಕಿತ್ಸೆಯಾದರೆ 79. ಆಗ ಪೂರ್ಣ ಶುಲ್ಕ. ಮಾಡಿಫೈಯರ್ ಇಲ್ಲದೆ ತಿರಸ್ಕೃತವಾದ ಸೋಂಕಿನ ಬಿಲ್ಲಿಗೆ 79 ಅಂಟಿಸಿದರೆ ಹೆಚ್ಚು ಹಣ ಬಂದೀತು. ಆದರೆ ಮೊದಲ ಚಿಕಿತ್ಸೆಗೂ ಈ ಸೋಂಕಿಗೂ ಸಂಬಂಧವಿಲ್ಲವೆಂಬ ಸುಳ್ಳು ಆ ರೋಗಿಯ ದಾಖಲೆಗೆ ಸೇರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಎರಡು ಗಂಟೆಗೆ ಒತ್ತಿದ ಒಂದು ಅಂಕೆ ಸಾವಿರಾರು ಮೈಲಿಯಾಚೆಯ ಮನುಷ್ಯನ ಕಾಯಿಲೆಯ ಚರಿತ್ರೆಯನ್ನೇ ಬದಲಿಸುವುದು ಸಣ್ಣ ಸಂಗತಿಯೆಂದು ನಾವು ಒಪ್ಪಲಾರೆವು.

ಇದಕ್ಕಿಂತ ನೋವಿನದು ‘ಜಿಎ’. ಮೆಡಿಕೇರ್ ಮುಖ್ಯವಾಗಿ 65 ದಾಟಿದವರ ವಿಮೆ. ಯಾವುದೋ ಪರೀಕ್ಷೆಗೆ ಮೆಡಿಕೇರ್ ಹಣ ಕೊಡಲಾರದೆಂದು ವೈದ್ಯರಿಗೆ ಅನಿಸಿದರೆ, ಪರೀಕ್ಷೆಗೆ ಮುಂಚೆಯೇ ಅಂದಾಜು ವೆಚ್ಚ ತಿಳಿಸಿ, ರೋಗಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ಸಹಿಯ ಪತ್ರ ಕಡತದಲ್ಲಿದೆ ಎಂದು ಸಾರುವುದೇ ಜಿಎ. ಅದಿದ್ದು ಮೆಡಿಕೇರ್ ಹಣ ನಿರಾಕರಿಸಿದರೆ ಆ ಮೊತ್ತ ರೋಗಿಯ ಹೆಗಲಿಗೆ ಬೀಳುತ್ತದೆ. ಪತ್ರವಿಲ್ಲದಿದ್ದರೆ ‘ಜಿಝಡ್’ ಹಾಕಬೇಕು. ಆಗ ನಷ್ಟ ವೈದ್ಯರದು. ಮರುಸಲ್ಲಿಕೆಯ ವೇಳೆ ಕಡತ ತೆರೆಯದೆ ಜಿಎ ಬರೆದರೆ, ಯಾವ ಕಾಗದಕ್ಕೂ ಸಹಿ ಮಾಡದ ವೃದ್ಧೆಯೊಬ್ಬಳ ಮನೆಗೆ ಬಿಲ್ಲು ಹೋಗುತ್ತದೆ. ಆಕೆ ಬಹುಶಃ ಪ್ರಶ್ನಿಸದೆ ಕಟ್ಟಿಬಿಡುತ್ತಾಳೆ. ವೃದ್ಧರು ಆಸ್ಪತ್ರೆಯ ಕಾಗದಕ್ಕೆ ಹೆದರುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ.

ಹಾಗೆಂದು ಮಾಡಿಫೈಯರ್ ಕಂಡರೆ ಅಂಜಿ ದೂರ ಸರಿಯುವುದೂ ಸರಿಯಲ್ಲ. ನ್ಯಾಯವಾಗಿ ಸಲ್ಲಬೇಕಾದುದನ್ನು ಬಿಡುವುದೂ ಸಾಕ್ಷ್ಯಕ್ಕೆ ಬಗೆದ ಅನ್ಯಾಯವೇ. ಬೆಳಗ್ಗೆ ಎದೆಯ ಎಕ್ಸ್‌ರೇ ಓದಿದ ವೈದ್ಯರೇ ಸಂಜೆ ರೋಗಿಗೆ ನಳಿಕೆ ಹಾಕಿದ ಮೇಲೆ ತೆಗೆದ ಮತ್ತೊಂದನ್ನೂ ಓದಿದರೆ, ಎರಡನೆಯದು ನಕಲು ಬಿಲ್ಲೆಂದು ಹಿಂದಿರುಗಬಹುದು. ಅಲ್ಲಿ 76 ಹಾಕಲೇಬೇಕು. ಬೇರೆ ವೈದ್ಯರು ಓದಿದ್ದರೆ 77. ರಕ್ತಪರೀಕ್ಷೆಯನ್ನು ಅದೇ ದಿನ ಚಿಕಿತ್ಸೆಗಾಗಿ ಮರಳಿ ಮಾಡಿದ್ದರೆ 91. ಯಂತ್ರ ಕೆಟ್ಟದ್ದರಿಂದಲೋ ಮಾದರಿ ಹಾಳಾದುದರಿಂದಲೋ ಮತ್ತೆ ಮಾಡಿದ್ದರೆ ಅದು ಸಲ್ಲದು. ಭೇಟಿಯ ಸಂಕೇತಕ್ಕೆ ಹಚ್ಚುವ 25 ಸಹ ಹಾಗೆಯೇ: ನರುಳ್ಳೆ ತೆಗೆಸಿಕೊಳ್ಳಲು ಬಂದವರ ಮಧುಮೇಹವನ್ನೂ ಅಂದೇ ವೈದ್ಯರು ಕೂಲಂಕಷವಾಗಿ ಪರಿಶೀಲಿಸಿ ಬರೆದಿದ್ದರೆ ಹಾಕಬೇಕು, ‘ಹೇಗಿದ್ದೀರಿ’ ಎಂದಷ್ಟೇ ವಿಚಾರಿಸಿದ್ದರೆ ಹಾಕಬಾರದು.

ಹಿಂದಿರುಗಿದ ಕ್ಲೇಮನ್ನು ಕೈಗೆತ್ತಿಕೊಂಡವರು ಮೊದಲು ನೋಡಬೇಕಾದುದು ಅದು ಹಿಂದಿರುಗಿದ ಬಗೆ. ವಿಮಾ ಸಂಸ್ಥೆಯ ಪರಿಶೀಲನೆಗೇ ಒಳಪಡದೆ ಬಾಗಿಲಲ್ಲಿಯೇ ಹಿಂದಿರುಗಿದ್ದರೆ ತಿದ್ದಿ ಹೊಸದಾಗಿ ಕಳುಹಿಸಬಹುದು. ಪರಿಶೀಲಿಸಿ ತಿರಸ್ಕರಿಸಿದ್ದರೆ ಹಾಗಲ್ಲ. ಅನೇಕ ಖಾಸಗಿ ವಿಮಾ ಸಂಸ್ಥೆಗಳು ಹಳೆಯದರ ಬದಲಿ ಎಂದು ಸೂಚಿಸುವ 7ನೆಯ ಸಂಕೇತವನ್ನೂ ಮೂಲ ಕ್ಲೇಮಿನ ಸಂಖ್ಯೆಯನ್ನೂ ನಮೂನೆಯ 22ನೆಯ ಅಂಕಣದಲ್ಲಿ ಬರೆಯಬೇಕೆನ್ನುತ್ತವೆ. ಸಂಖ್ಯೆ ಬರೆಯದಿದ್ದರೆ ತಿದ್ದಿದ ಕ್ಲೇಮೂ ನಕಲೆಂದು ಮರಳೀತು. ಬದಲಿ ಕ್ಲೇಮು ಹಳೆಯದನ್ನು ಪೂರ್ತಿ ಅಳಿಸುವುದರಿಂದ, ತಪ್ಪಿದ ಸಾಲೊಂದನ್ನೇ ಅಲ್ಲ, ಸರಿಯಿದ್ದ ಸಾಲುಗಳನ್ನೂ ಮತ್ತೆ ಬರೆಯಬೇಕು. ವೈದ್ಯರ ಕ್ಲೇಮುಗಳಿಗೆ ಮೆಡಿಕೇರ್ ಈ 7ನ್ನು ಸ್ವೀಕರಿಸುವುದಿಲ್ಲ. ಸಣ್ಣ ಬರವಣಿಗೆಯ ದೋಷವಾದರೆ ಕಡತವನ್ನು ಮತ್ತೆ ತೆರೆಯಲು ಕೋರಬೇಕು. ನಿರ್ಣಯವೇ ತಪ್ಪೆನಿಸಿದರೆ ಅದು ಕೈಸೇರಿದ 120 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಮೊದಲ ಸಲ್ಲಿಕೆಗೆ ಚಿಕಿತ್ಸೆಯ ದಿನದಿಂದ ಒಂದು ವರ್ಷದ ಗಡುವು. ಖಾಸಗಿ ಸಂಸ್ಥೆಗಳ ಗಡುವು ಅವರವರ ಒಪ್ಪಂದದಂತೆ, ಹಲವೆಡೆ ಬಹಳ ಕಿರಿದು.

ಇಷ್ಟೆಲ್ಲ ಬರೆದರೂ ಹೊಣೆಯನ್ನು ಎಳೆಯರ ಮೇಲೆಯೇ ಹೊರಿಸುವುದು ನಮ್ಮ ಉದ್ದೇಶವಲ್ಲ. ಟಿಪ್ಪಣಿಯನ್ನು ಓದಲು ಹತ್ತು ನಿಮಿಷ ಬೇಕಾದ ಕ್ಲೇಮಿಗೆ ಮೂರು ನಿಮಿಷ ಕೊಟ್ಟು, ಎಣಿಕೆಯನ್ನಷ್ಟೇ ಕೇಳುವ ಮೇಲ್ವಿಚಾರಕರು ಸುಳ್ಳನ್ನು ಬಾಯಿಬಿಟ್ಟು ಹೇಳದಿದ್ದರೂ ಹೇಳಿಸುತ್ತಾರೆ. ನಮ್ಮ ಭಕ್ತರಲ್ಲಿ ಅಂತಹ ಹುದ್ದೆಯಲ್ಲಿರುವವರೂ ಇದ್ದಾರೆ. ಈ ಮಾತು ಅವರಿಗೆ. ಕೋಡಿಂಗ್ ಮಾಡುವವರು ‘ಟಿಪ್ಪಣಿಯಲ್ಲಿ ಇದು ಇಲ್ಲ, ವೈದ್ಯರನ್ನು ಕೇಳಬೇಕು’ ಎಂದಾಗ ಆ ಕ್ಲೇಮನ್ನು ಬಾಕಿಯೆಂದು ಲೆಕ್ಕಿಸದೆ, ಮಾಡಿದ ಕೆಲಸವೆಂದೇ ಅವರ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೇಳುವ ಪ್ರಶ್ನೆಯೂ ನೇರವಾಗಿರಲಿ. ‘59 ಹಾಕಬಹುದೆಂದು ಬರೆದುಕೊಡಿ’ ಎಂದಲ್ಲ, ‘ತುಣುಕನ್ನು ಎಲ್ಲಿಂದ ತೆಗೆದಿರಿ’ ಎಂದು. ವೈದ್ಯರು ನಂತರ ಸೇರಿಸುವ ಟಿಪ್ಪಣಿಗೆ ಸೇರಿಸಿದ ದಿನದ್ದೇ ದಿನಾಂಕವಿರಬೇಕು, ಚಿಕಿತ್ಸೆ ನಡೆದ ದಿನದ್ದಲ್ಲ. ಉತ್ತರ ‘ಅದೇ ಗಂಟಿನಿಂದ’ ಎಂದು ಬಂದರೆ ಆ ಸಾಲನ್ನು ಮತ್ತೆ ಕಳುಹಿಸದೆ, ಬಂದಷ್ಟು ಹಣಕ್ಕೆ ಕಡತವನ್ನು ಮುಚ್ಚಿ.